‘ಪರವಾಗಿಲ್ಲ’ ಎನ್ನುವ ಮುನ್ನ: ಕ್ಯಾನ್ಸರ್ ಚಿಕಿತ್ಸೆಯಲ್ಲೂ ಸಂಶೋಧನೆಯಲ್ಲೂ ರೋಗಿ ತನ್ನ ಮಾತನ್ನು ತಲುಪಿಸುವ ಬಗೆ

ಮೂರು ವಾರಕ್ಕೊಮ್ಮೆ ಕೀಮೋ ತೆಗೆದುಕೊಳ್ಳುತ್ತಿರುವ ರೋಗಿಯೊಬ್ಬರು ವೈದ್ಯರ ಎದುರು ಕುಳಿತಿದ್ದಾರೆ ಎಂದುಕೊಳ್ಳಿ. ವೈದ್ಯರು ರಕ್ತಪರೀಕ್ಷೆಯ ವರದಿಯ ಮೇಲೆ ಕಣ್ಣಾಡಿಸುತ್ತ ‘ಹೇಗಿದ್ದೀರಿ?’ ಎಂದು ಕೇಳುತ್ತಾರೆ. ‘ಪರವಾಗಿಲ್ಲ ಡಾಕ್ಟ್ರೇ’ ಎಂಬ ಉತ್ತರ ಬರುತ್ತದೆ. ಅಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಸಹಕರಿಸದೆ ಮಗಳ ಕೈಯಲ್ಲಿ ಹಾಕಿಸಿಕೊಂಡು ಬಂದ ಸಂಗತಿ ಆ ‘ಪರವಾಗಿಲ್ಲ’ದೊಳಗೆ ಮುಚ್ಚಿಹೋಗುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್‌ನಂತಹ ಔಷಧಗಳು ಕೈಕಾಲುಗಳ ತುದಿಯ ನರಗಳಿಗೆ ಹಾನಿ ಮಾಡಬಲ್ಲವು. ಸಮಯಕ್ಕೆ ಸರಿಯಾಗಿ ತಿಳಿದರೆ ವೈದ್ಯರು ಔಷಧದ ಪ್ರಮಾಣವನ್ನು ತಗ್ಗಿಸಬಹುದು, ಮುಂದಿನ ಸುತ್ತನ್ನು ಮುಂದೂಡಬಹುದು ಅಥವಾ ಔಷಧವನ್ನೇ ಬದಲಿಸಬಹುದು. ತಡವಾದರೆ ಆ ಜೋಮು ಚಿಕಿತ್ಸೆ ಮುಗಿದ ಮೇಲೂ ವರ್ಷಗಟ್ಟಲೆ ಉಳಿದುಬಿಡಬಹುದು. ರಕ್ತಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ, ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಗುಂಡಿ ಹಾಕಲಾಗಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಬೇಕಾದವರು ರೋಗಿಯೇ.

ರೋಗಿಯ ಮಾತಿಗೆ ಪ್ರಯೋಗಾಲಯದ ವರದಿಯಷ್ಟೇ ಬೆಲೆಯಿದೆ, ಆದರೆ ವರದಿಯಂತೆಯೇ ಅದನ್ನೂ ಅಳೆದು, ಬರೆದು, ಹೊತ್ತಿಗೆ ಸರಿಯಾಗಿ ತಲುಪಿಸಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ ಎಂಬ ನಿಲುವಿನಿಂದ ಈ ಬರಹವನ್ನು ರೋಗಿಗಳಿಗಾಗಿ ಮತ್ತು ಅವರ ಜೊತೆಗೆ ಹೋಗುವ ಮನೆಯವರಿಗಾಗಿ ಬರೆದಿದ್ದೇನೆ. ಇದಕ್ಕೆ ಆಧಾರವೂ ಇದೆ. ಹರಡಿದ ಕ್ಯಾನ್ಸರ್‌ಗೆ ಕೀಮೋ ಪಡೆಯುತ್ತಿದ್ದ 766 ಮಂದಿಯನ್ನು ಒಳಗೊಂಡ ಅಮೆರಿಕದ ಒಂದು ಅಧ್ಯಯನದಲ್ಲಿ, ಒಂದು ಗುಂಪಿನವರು ಹನ್ನೆರಡು ಸಾಮಾನ್ಯ ತೊಂದರೆಗಳ ಬಗ್ಗೆ ಕಂಪ್ಯೂಟರಿನ ಮೂಲಕ ತಾವೇ ವರದಿ ಕಳುಹಿಸುತ್ತಿದ್ದರು. ತೊಂದರೆ ಹೆಚ್ಚಾದಾಗ ನರ್ಸ್‌ಗೆ ಕೂಡಲೇ ಸೂಚನೆ ಹೋಗುತ್ತಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಗುಂಪಿನವರು ಬದುಕಿದ ಮಧ್ಯಾಂಕ ಅವಧಿ (ಅರ್ಧದಷ್ಟು ಮಂದಿ ಇದಕ್ಕಿಂತ ಹೆಚ್ಚು ಕಾಲ ಬದುಕಿದ್ದರು ಎಂಬ ಅಂಕಿ) 31.2 ತಿಂಗಳು, ಎಂದಿನ ರೀತಿಯ ಆರೈಕೆ ಪಡೆದವರದ್ದು 26 ತಿಂಗಳು. ಇದು ಒಂದೇ ಕೇಂದ್ರದಲ್ಲಿ ನಡೆದ ಅಧ್ಯಯನವಾಗಿತ್ತು. ಮುಂದೆ 52 ಕೇಂದ್ರಗಳಲ್ಲಿ 1,191 ಮಂದಿಯೊಡನೆ ನಡೆದ ದೊಡ್ಡ ಅಧ್ಯಯನದಲ್ಲಿ ಆಯಸ್ಸಿನಲ್ಲಿ ಅಂತಹ ಅಂತರ ಕಂಡುಬರಲಿಲ್ಲವಾದರೂ, ದೈನಂದಿನ ಚಟುವಟಿಕೆ, ತೊಂದರೆಗಳ ಹತೋಟಿ ಮತ್ತು ಬದುಕಿನ ಗುಣಮಟ್ಟ ಉತ್ತಮಗೊಂಡವು, ತುರ್ತು ಚಿಕಿತ್ಸಾ ಘಟಕಕ್ಕೆ ಓಡಬೇಕಾದ ಸಂದರ್ಭವೂ ಮುಂದಕ್ಕೆ ಹೋಯಿತು. ನನ್ನ ಮಟ್ಟಿಗೆ ಎರಡನೆಯ ಫಲಿತಾಂಶವೇ ಸಾಕು.

ನೋಟ್‌ಬುಕ್ಕಿನಲ್ಲಿ ಏನನ್ನು ಬರೆಯಬೇಕು

ದುಬಾರಿ ಡೈರಿಯೂ ಬೇಡ, ಮೊಬೈಲ್ ಆ್ಯಪ್ ಕೂಡ ಬೇಕೆಂದೇನಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ಮತ್ತು ಅದಕ್ಕೆ ದಾರದಿಂದ ಕಟ್ಟಿದ ಒಂದು ಪೆನ್ನು ಸಾಕು. ಮೊದಲ ಪುಟದಲ್ಲಿ ರೋಗದ ಹೆಸರು, ಹಂತ, ಈಗ ನಡೆಯುತ್ತಿರುವ ಚಿಕಿತ್ಸೆ, ಔಷಧದ ಅಲರ್ಜಿಗಳು ಮತ್ತು ರಾತ್ರಿ ಹೊತ್ತಿನಲ್ಲೂ ಕರೆ ಮಾಡಬಹುದಾದ ಆಸ್ಪತ್ರೆಯ ಸಂಖ್ಯೆ ಇರಲಿ. ಮುಂದಿನ ಪುಟಗಳಲ್ಲಿ ದಿನಕ್ಕೆ ನಾಲ್ಕೈದು ಸಾಲು ಬರೆದರೆ ಸಾಲುತ್ತದೆ. ದಿನಾಂಕದ ಪಕ್ಕದಲ್ಲಿ ಅದು ಕೀಮೋ ಆದ ಎಷ್ಟನೆಯ ದಿನ ಎಂಬುದನ್ನು ತಪ್ಪದೆ ಬರೆಯಿರಿ, ಏಕೆಂದರೆ ವೈದ್ಯರು ಯೋಚಿಸುವುದು ತಾರೀಖಿನ ಲೆಕ್ಕದಲ್ಲಲ್ಲ, ಸುತ್ತಿನ ಲೆಕ್ಕದಲ್ಲಿ. ‘ಹನ್ನೆರಡನೇ ತಾರೀಖು ವಾಂತಿಯಾಯಿತು’ ಎಂಬ ಮಾತಿಗಿಂತ ‘ಮೂರನೆಯ ದಿನದಿಂದ ಐದನೆಯ ದಿನದವರೆಗೆ ದಿನಕ್ಕೆ ನಾಲ್ಕು ಸಲ ವಾಂತಿಯಾಯಿತು, ಕೊಟ್ಟ ಮಾತ್ರೆ ನುಂಗಿದ ಮೇಲೂ ನಿಲ್ಲಲಿಲ್ಲ’ ಎಂಬ ಮಾತು ಮುಂದಿನ ಸುತ್ತಿನ ಔಷಧದ ಚೀಟಿಯನ್ನೇ ಬದಲಿಸಬಲ್ಲದು.

ಪ್ರತಿಯೊಂದು ತೊಂದರೆಯನ್ನೂ ಮೂರು ಕಡೆಯಿಂದ ನೋಡಿ: ಎಷ್ಟು ಸಲ ಬಂತು, ಎಷ್ಟು ಜೋರಾಗಿತ್ತು, ಯಾವ ಕೆಲಸವನ್ನು ತಪ್ಪಿಸಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ಔಷಧ ಪ್ರಯೋಗಗಳಿಗಾಗಿ ರೂಪಿಸಿದ, 78 ಬಗೆಯ ತೊಂದರೆಗಳನ್ನು ರೋಗಿಯ ಬಾಯಿಂದಲೇ ಕೇಳುವ ಪ್ರಶ್ನಾವಳಿಯೂ ಹೆಚ್ಚುಕಡಿಮೆ ಇದೇ ಮೂರನ್ನು, ಕಳೆದ ಏಳು ದಿನಗಳಿಗೆ ಸೀಮಿತಗೊಳಿಸಿ ಕೇಳುತ್ತದೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದು ಒಳ್ಳೆಯದೇ. ಆದರೆ ಒಬ್ಬರ ಆರು ಇನ್ನೊಬ್ಬರ ಮೂರು ಆಗಿರಬಹುದಾದ್ದರಿಂದ ಅಂಕದ ಜೊತೆ ಒಂದು ಕೆಲಸವನ್ನೂ ಹೇಳುವುದು ಮೇಲು. ‘ನೋವು ಆರು’ ಎಂಬುದಕ್ಕಿಂತ ‘ನೋವು ಆರು, ಮಗ್ಗುಲು ಬದಲಿಸಲು ಆಗದೆ ರಾತ್ರಿ ಎರಡು ಗಂಟೆಗೆ ಎದ್ದು ಕುಳಿತೆ’ ಎಂದಾಗ ವೈದ್ಯರಿಗೆ ಚಿತ್ರ ಸಿಗುತ್ತದೆ.

ಇಲ್ಲಿ ಮಾತಿನ ವಿಷಯವಾಗಿ ಸ್ವಲ್ಪ ನಿಂತು ಯೋಚಿಸಬೇಕು. ಕನ್ನಡದಲ್ಲಿ ‘ಸುಸ್ತು’ ಎಂಬ ಒಂದೇ ಪದದೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾಯಿಲೆಗಳ ಲಕ್ಷಣ ಅವಿತಿರುತ್ತದೆ. ಮಲಗಿ ಎದ್ದರೂ ಹೋಗದ ದಣಿವು ಸುಸ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಬರುವ ಏದುಸಿರು ಸುಸ್ತು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು ಸುಸ್ತು, ಯಾವುದರಲ್ಲೂ ಮನಸ್ಸು ನಿಲ್ಲದ ಬೇಸರವೂ ಸುಸ್ತೇ. ಮೊದಲನೆಯದು ಚಿಕಿತ್ಸೆಯಿಂದಲೇ ಬಂದ ಬಳಲಿಕೆ ಇರಬಹುದು; ಎರಡನೆಯದರ ಹಿಂದೆ ರಕ್ತಹೀನತೆ ಇರಬಹುದು, ಶ್ವಾಸಕೋಶದ ಸುತ್ತ ನೀರು ತುಂಬಿರಬಹುದು ಅಥವಾ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು; ಮೂರನೆಯದು ದೇಹದಲ್ಲಿ ನೀರಿನಂಶ ಕಡಿಮೆಯಾದ ಸೂಚನೆಯಾಗಿರಬಹುದು; ನಾಲ್ಕನೆಯದು ಖಿನ್ನತೆ ಇರಬಹುದು. ವೈದ್ಯರು ಕೇಳಿಸಿಕೊಂಡದ್ದು ಮಾತ್ರ ಒಂದೇ ಪದ. ನೋವಿನ ವಿಷಯದಲ್ಲಿ ನಮ್ಮ ಭಾಷೆ ಇದಕ್ಕೆ ತದ್ವಿರುದ್ಧವಾಗಿ ಶ್ರೀಮಂತವಾಗಿದೆ: ಉರಿ, ಸೆಳೆತ, ಕುಟುಕು, ಚುಚ್ಚಿದಂತೆ, ಹಿಂಡಿದಂತೆ, ಹರಿದಂತೆ, ಜುಮುಜುಮು ಎನ್ನುವುದು, ಮರಗಟ್ಟುವುದು. ಉರಿಯಂತೆ, ಕರೆಂಟು ಹೊಡೆದಂತೆ ಬರುವ ನೋವು ನರಕ್ಕೆ ಸಂಬಂಧಿಸಿದ್ದಿರಬಹುದು, ಅದಕ್ಕೆ ಕೊಡುವ ಔಷಧವೇ ಬೇರೆ. ಬಿಟ್ಟು ಬಿಟ್ಟು ಹಿಂಡಿದಂತೆ ಬರುವ ಹೊಟ್ಟೆನೋವು ಕರುಳಿನ ಕಡೆಗೆ ಬೊಟ್ಟು ಮಾಡುತ್ತದೆ. ಮನೆಯಲ್ಲಿ ಆಡುವ ಈ ಮಾತುಗಳನ್ನು ಆಸ್ಪತ್ರೆಯ ಬಾಗಿಲಲ್ಲಿ ಕಳಚಿಟ್ಟು, ಅರ್ಧ ತಿಳಿದ ಇಂಗ್ಲಿಷ್ ಪದವನ್ನು ಹಿಡಿದು ಒಳಗೆ ಹೋಗುವವರೇ ಹೆಚ್ಚು. ವೈದ್ಯರಿಗೆ ಕನ್ನಡ ಬಾರದಿದ್ದರೂ, ದುಭಾಷಿಗೆ ಹೇಳುವಾಗಲಾದರೂ, ಮನೆಯ ಮಾತನ್ನೇ ಬಳಸಿ. ದುಭಾಷಿಯ ಕೆಲಸಕ್ಕೆ ಮನೆಯ ಮಕ್ಕಳನ್ನು ಕೂರಿಸಬೇಡಿ; ಅವರು ತಮಗೆ ಹೇಳಲು ಕಷ್ಟವಾದುದನ್ನು ನುಂಗಿಕೊಳ್ಳುತ್ತಾರೆ.

ಹೇಳಲು ನಾಚಿಕೆಯಾಗುವ ಸಂಗತಿಗಳೇ ಹೆಚ್ಚಾಗಿ ಬಿಟ್ಟುಹೋಗುತ್ತವೆ. ಮಲಬದ್ಧತೆ, ಮೂತ್ರ ಹತೋಟಿ ತಪ್ಪುವುದು, ದಾಂಪತ್ಯದ ತೊಂದರೆ, ಮಕ್ಕಳಾಗುವ ಸಾಮರ್ಥ್ಯದ ಚಿಂತೆ ಇಂತಹವು. ಬಾಯಿ ಬಿಡಲು ಆಗದಿದ್ದರೆ ನೋಟ್‌ಬುಕ್ಕಿನ ಆ ಪುಟವನ್ನೇ ತೆರೆದು ವೈದ್ಯರ ಅಥವಾ ನರ್ಸ್ ಮುಂದೆ ಇಡಿ. ವೀರ್ಯ ಅಥವಾ ಅಂಡಾಣುಗಳನ್ನು ಸಂರಕ್ಷಿಸಿಡುವ ಮಾತಂತೂ ಚಿಕಿತ್ಸೆ ಆರಂಭವಾಗುವ ಮೊದಲೇ ಆಗಬೇಕು. ತೆಗೆದುಕೊಳ್ಳುತ್ತಿರುವ ಮನೆಮದ್ದು, ಗಿಡಮೂಲಿಕೆಗಳ ಹೆಸರುಗಳನ್ನೂ ಬರೆಯಿರಿ. ಬೈಸಿಕೊಳ್ಳಬೇಕಾದೀತು ಎಂದು ಅನೇಕರು ಇದನ್ನು ಮುಚ್ಚಿಡುತ್ತಾರೆ, ಆದರೆ ಕೆಲವು ಗಿಡಮೂಲಿಕೆಗಳು ಯಕೃತ್ತಿನಲ್ಲಿ ಕ್ಯಾನ್ಸರ್ ಔಷಧ ಕರಗುವ ವೇಗವನ್ನೇ ಬದಲಿಸುತ್ತವೆ.

ಒಂದು ವಿಷಯವನ್ನು ಮಾತ್ರ ನೋಟ್‌ಬುಕ್ಕಿಗೆ ಬರೆದು ಮುಂದಿನ ಭೇಟಿಯವರೆಗೆ ಕಾಯಕೂಡದು. ಕೀಮೋ ಪಡೆಯುತ್ತಿರುವವರಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ, ಅದು ನಡುರಾತ್ರಿಯಾದರೂ ಕೂಡಲೇ ಆಸ್ಪತ್ರೆಗೆ ಕರೆ ಮಾಡಬೇಕು. ಅನೇಕ ಕೀಮೋ ಔಷಧಗಳಲ್ಲಿ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಬಿಳಿ ರಕ್ತಕಣಗಳು ತೀರಾ ಕೆಳಗಿಳಿದಿರುತ್ತವೆ. ಆಗ ಸಣ್ಣ ಸೋಂಕು ಕೂಡ ಗಂಟೆಗಳಲ್ಲೇ ಪ್ರಾಣಕ್ಕೆ ಬರಬಹುದು. ಮೊದಲು ಜ್ವರದ ಮಾತ್ರೆ ನುಂಗಿ ನೋಡೋಣ ಎಂಬ ಎಂದಿನ ಅಭ್ಯಾಸ ಇಲ್ಲಿ ಅಪಾಯಕಾರಿ, ಏಕೆಂದರೆ ಮಾತ್ರೆ ಜ್ವರವನ್ನು ಮರೆಮಾಚುತ್ತದೆ, ಸೋಂಕನ್ನು ಗುಣಪಡಿಸುವುದಿಲ್ಲ.

ವೈದ್ಯರ ಕೊಠಡಿಯ ಒಳಗೆ

ಸಿಗುವ ಸಮಯ ಕಡಿಮೆ ಎಂಬುದನ್ನು ಒಪ್ಪಿಕೊಂಡೇ ಸಿದ್ಧತೆ ಮಾಡಿಕೊಳ್ಳಬೇಕು. ಹತ್ತು ಪ್ರಶ್ನೆಗಳಿದ್ದರೆ ಅವುಗಳಲ್ಲಿ ಮೂರನ್ನು ಆರಿಸಿ ಮೇಲೆ ಬರೆಯಿರಿ; ಕುಳಿತ ಕೂಡಲೇ ‘ಡಾಕ್ಟ್ರೇ, ಇವತ್ತು ಈ ಮೂರು ವಿಷಯ ಕೇಳಬೇಕಿತ್ತು’ ಎಂದು ತಿಳಿಸಿಬಿಡಿ. ಬಾಗಿಲ ಬಳಿ ನಿಂತು ‘ಅಂದಹಾಗೆ’ ಎಂದು ತೆಗೆಯುವ ಮಾತು ಎಷ್ಟೋ ಸಲ ಎಲ್ಲಕ್ಕಿಂತ ಮುಖ್ಯವಾದ ಮಾತಾಗಿರುತ್ತದೆ, ಅದಕ್ಕೆ ಸಿಗುವ ಉತ್ತರ ಮಾತ್ರ ಅವಸರದ್ದು.

ರೋಗ ಪತ್ತೆಯಾದ ಆರಂಭದಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ಚಿಕಿತ್ಸೆ ಕೊಡುತ್ತಿರುವುದು ರೋಗವನ್ನು ಗುಣಪಡಿಸಲೋ, ಹಿಡಿತದಲ್ಲಿಟ್ಟು ಆಯಸ್ಸನ್ನು ಹೆಚ್ಚಿಸಲೋ ಅಥವಾ ತೊಂದರೆಗಳನ್ನು ತಗ್ಗಿಸಲೋ? ಈ ಮೂರಕ್ಕೂ ಕೆಲವೊಮ್ಮೆ ಒಂದೇ ಔಷಧ, ಒಂದೇ ಹಾಸಿಗೆ, ಒಂದೇ ಡ್ರಿಪ್ ಇರುವುದರಿಂದ ನೋಡಿದ ಮಾತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ಕೇಳಿಯೇ ತಿಳಿಯಬೇಕು. ಇದರ ಬೆನ್ನಿಗೇ ‘ಈ ಚಿಕಿತ್ಸೆ ಬೇಡವೆಂದರೆ ಏನಾಗುತ್ತದೆ, ಬೇರೆ ದಾರಿ ಯಾವುದಿದೆ’ ಎಂದೂ ಕೇಳಬಹುದು. ಇದು ಅವಿಧೇಯತೆ ಎಂದು ಭಾವಿಸುವ ವೈದ್ಯರು ಅಪರೂಪ.

ಕೆಲವು ಪದಗಳು ಕಿವಿಗೆ ಒಂದು ಅರ್ಥ ಕೊಟ್ಟು, ಕಡತದಲ್ಲಿ ಇನ್ನೊಂದು ಅರ್ಥ ಕೊಡುತ್ತವೆ. ಬಯಾಪ್ಸಿಯಲ್ಲಿ, ಅಂದರೆ ಅಂಗಾಂಶದ ಚೂರು ತೆಗೆದು ಮಾಡುವ ಪರೀಕ್ಷೆಯಲ್ಲಿ, ‘ಪಾಸಿಟಿವ್’ ಎಂದರೆ ಕ್ಯಾನ್ಸರ್ ಸಿಕ್ಕಿದೆ ಎಂದು. ‘ಪ್ರೋಗ್ರೆಷನ್’ ಎಂದರೆ ರೋಗ ಬೆಳೆಯುತ್ತಿದೆ ಎಂದು. ಅದನ್ನು ಪ್ರಗತಿ ಎಂದು ಕೇಳಿಸಿಕೊಂಡು ನೆಮ್ಮದಿಯಿಂದ ಮನೆಗೆ ಹೋಗುವವರಿದ್ದಾರೆ. ‘ರೆಸ್ಪಾನ್ಸ್ ಇದೆ’ ಎಂದರೆ ಗಡ್ಡೆ ಕುಗ್ಗಿದೆ ಎಂದು ಮಾತ್ರ; ಸ್ಕ್ಯಾನ್ ಓದುವವರು ಬಳಸುವ ಅಳತೆಗೋಲಿನಲ್ಲಿ ಗಡ್ಡೆಗಳ ಉದ್ದದ ಮೊತ್ತ ಕನಿಷ್ಠ 30 ಪ್ರತಿಶತ ಇಳಿದರೆ ಭಾಗಶಃ ರೆಸ್ಪಾನ್ಸ್ ಎನ್ನುತ್ತಾರೆ. ‘ಸ್ಟೇಜ್’ ರೋಗ ಎಷ್ಟು ಹರಡಿದೆ ಎಂಬುದನ್ನು ಹೇಳಿದರೆ ‘ಗ್ರೇಡ್’ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಎಷ್ಟು ವಿಕೃತವಾಗಿ ಕಾಣುತ್ತವೆ ಎಂಬುದನ್ನು ಹೇಳುತ್ತದೆ. ಅರ್ಥವಾಗದ ಪದ ಬಂದ ಕ್ಷಣದಲ್ಲೇ ತಡೆದು ಕೇಳಿ.

ಕೇಳಿಸಿಕೊಂಡ ವೈದ್ಯಕೀಯ ಮಾಹಿತಿಯಲ್ಲಿ 40ರಿಂದ 80 ಪ್ರತಿಶತದಷ್ಟು ಕೂಡಲೇ ಮರೆತುಹೋಗುತ್ತದೆ ಎಂದು 2003ರ ಒಂದು ಪರಿಶೀಲನಾ ಲೇಖನ ಹೇಳುತ್ತದೆ. ಕೆಟ್ಟ ಸುದ್ದಿ ಕೇಳಿದ ಮೇಲಂತೂ ಕಿವಿ ತೆರೆದಿದ್ದರೂ ಮನಸ್ಸು ಮುಚ್ಚಿಕೊಂಡಿರುತ್ತದೆ. ಹಾಗಾಗಿ ಜೊತೆಗೊಬ್ಬರು ಇರಲಿ, ಬರೆದುಕೊಳ್ಳುವ ಕೆಲಸ ಅವರದ್ದಾಗಲಿ. ಅನುಮತಿ ಕೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದೂ ಉತ್ತಮ. ಎದ್ದು ಬರುವ ಮೊದಲು ‘ನನಗೆ ಅರ್ಥವಾದದ್ದನ್ನು ಒಮ್ಮೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ’ ಎಂದು ನಿಮ್ಮ ಮಾತಿನಲ್ಲಿ ಒಪ್ಪಿಸಿ. ‘ಅರ್ಥವಾಯಿತೇ?’ ಎಂಬ ಪ್ರಶ್ನೆಗೆ ಎಲ್ಲರೂ ತಲೆಯಾಡಿಸುತ್ತಾರೆ. ತಪ್ಪು ಗ್ರಹಿಕೆ ಹೊರಬೀಳುವುದು ತಿರುಗಿ ಹೇಳುವಾಗ.

ಅಂಕಿಗಳನ್ನು ಕೇಳಿಸಿಕೊಳ್ಳುವ ಬಗೆ

‘ಮಧ್ಯಾಂಕ ಆಯಸ್ಸು ಎಂಟು ತಿಂಗಳು’ ಎಂಬುದನ್ನು ಹೆಚ್ಚಿನವರು ‘ಎಂಟು ತಿಂಗಳಲ್ಲಿ ಸಾವು’ ಎಂದು ಕೇಳಿಸಿಕೊಳ್ಳುತ್ತಾರೆ. ಅದರ ನಿಜವಾದ ಅರ್ಥ ಅರ್ಧದಷ್ಟು ಮಂದಿ ಎಂಟು ತಿಂಗಳಿಗಿಂತ ಹೆಚ್ಚು ಕಾಲ ಬದುಕಿದ್ದರು ಎಂದು, ಅವರಲ್ಲಿ ಕೆಲವರು ಬಹಳ ಹೆಚ್ಚು ಕಾಲ. ಜೀವವಿಕಾಸ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಪೊರೆಯ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಪತ್ತೆಯಾದಾಗ ಅವರು ಓದಿದ ಅಂಕಿ ಇದೇ ಎಂಟು ತಿಂಗಳಾಗಿತ್ತು. ಅವರು ತೀರಿಕೊಂಡದ್ದು 2002ರಲ್ಲಿ, ಬೇರೊಂದು ಕ್ಯಾನ್ಸರ್‌ನಿಂದ. ಇದನ್ನು ಪವಾಡದ ಕಥೆಯಾಗಿ ಓದಬಾರದು. ಮಧ್ಯಾಂಕದ ಆಚೆಗೂ ಜನ ಇರುತ್ತಾರೆ ಎಂಬುದಷ್ಟೇ ಇದರ ಅರ್ಥ. ಹಾಗಾಗಿ ‘ಎಷ್ಟು ದಿನ?’ ಎಂದು ಕೇಳುವ ಬದಲು ‘ನನ್ನಂತಹವರಲ್ಲಿ ಒಳ್ಳೆಯ ಸ್ಥಿತಿ ಎಂದರೆ ಎಷ್ಟು, ಕೆಟ್ಟ ಸ್ಥಿತಿ ಎಂದರೆ ಎಷ್ಟು, ಹೆಚ್ಚಿನವರದ್ದು ಎಷ್ಟು’ ಎಂದು ಮೂರನ್ನೂ ಕೇಳುವುದು ಲೇಸು. ಇನ್ನೊಂದು ಎಚ್ಚರಿಕೆ: ಅಪಾಯ ಅರ್ಧಕ್ಕಿಳಿಯುತ್ತದೆ ಎಂದರೆ ನೂರರಲ್ಲಿ 40ರಿಂದ 20ಕ್ಕೆ ಇಳಿಯಿತೋ, 4ರಿಂದ 2ಕ್ಕೆ ಇಳಿಯಿತೋ ಕೇಳಿ. ಎರಡೂ ಅರ್ಧವೇ, ಆದರೆ ಆರು ತಿಂಗಳ ಕಷ್ಟವನ್ನು ಸಹಿಸಬೇಕೋ ಬೇಡವೋ ಎಂಬ ತೀರ್ಮಾನ ಎರಡರಲ್ಲೂ ಒಂದೇ ಆಗಿರಬೇಕಾಗಿಲ್ಲ.

ಮನೆಯವರು ಮುಚ್ಚಿಡುವ ಮಾತು

‘ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ, ಅವರು ತಡೆದುಕೊಳ್ಳುವುದಿಲ್ಲ’ ಎಂದು ಕೊಠಡಿಯ ಹೊರಗೆ ಬೇಡಿಕೊಳ್ಳುವ ಮಗನ ಉದ್ದೇಶ ಕೆಟ್ಟದ್ದೇನಲ್ಲ. ವೈದ್ಯರೇ ಒಂದು ಕಾಲಕ್ಕೆ ಹೀಗೆ ಯೋಚಿಸುತ್ತಿದ್ದರು: ಅಮೆರಿಕದಲ್ಲಿ 1961ರಲ್ಲಿ ನಡೆಸಿದ ಸಮೀಕ್ಷೆಯೊಂದರಲ್ಲಿ ಸುಮಾರು 90 ಪ್ರತಿಶತ ವೈದ್ಯರು ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಮೇಲು ಎಂದಿದ್ದರು, ಅದೇ ಬಗೆಯ ಪ್ರಶ್ನೆಗೆ 1979ರಲ್ಲಿ 97 ಪ್ರತಿಶತ ವೈದ್ಯರು ಹೇಳುತ್ತೇವೆ ಎಂದರು. ಆದರೂ ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡುವುದೇ ಸರಿ ಎಂದು ನಾನು ವಾದಿಸುವುದಿಲ್ಲ. ಎಷ್ಟು ತಿಳಿಯಬೇಕು ಎಂಬ ತೀರ್ಮಾನ ರೋಗಿಯದ್ದಾಗಬೇಕು, ಅದನ್ನು ಅವರನ್ನೇ ಕೇಳಬೇಕು. ‘ಅಮ್ಮಾ, ವರದಿಯ ವಿಚಾರ ಡಾಕ್ಟ್ರು ನಿನಗೇ ಹೇಳಬೇಕಾ, ನನಗೆ ಹೇಳಿದರೆ ಸಾಕಾ?’ ಎಂಬ ಪ್ರಶ್ನೆಯಲ್ಲಿ ಕ್ಯಾನ್ಸರ್ ಎಂಬ ಪದವೂ ಇಲ್ಲ, ಸುಳ್ಳೂ ಇಲ್ಲ. ‘ನೀನೇ ನೋಡಿಕೊಳ್ಳಪ್ಪ’ ಎಂದರೆ ಅದೂ ಒಂದು ಉತ್ತರ. ಮುಂದೆ ಮನಸ್ಸು ಬದಲಾಗಬಹುದಾದ್ದರಿಂದ ಕೆಲವು ವಾರಗಳ ನಂತರ ಮತ್ತೆ ಕೇಳಿ. ಮುಚ್ಚಿಟ್ಟ ಮನೆಯಲ್ಲಿ ನಡೆಯುವುದೇನೆಂದರೆ, ಕೂದಲು ಉದುರುತ್ತಿರುವ ತಾಯಿಗೆ ಎಲ್ಲವೂ ಗೊತ್ತಿರುತ್ತದೆ, ಮಗನ ಸಮಾಧಾನಕ್ಕೆಂದು ಆಕೆಯೂ ಗೊತ್ತಿಲ್ಲದಂತೆ ಇರುತ್ತಾಳೆ, ನೋವಿನ ಮಾತು ಇಬ್ಬರ ನಡುವೆ ಬಾಯಿಕಟ್ಟಿ ಕೂರುತ್ತದೆ.

ಉಪಶಾಮಕ ಆರೈಕೆ, ಅಂದರೆ ನೋವು ಮತ್ತಿತರ ತೊಂದರೆಗಳನ್ನು ತಗ್ಗಿಸುವ ಪ್ಯಾಲಿಯೇಟಿವ್ ಕೇರ್ ಎಂಬ ಹೆಸರು ಕೇಳಿದಾಗಲೂ ಇದೇ ಭಯ ಎದುರಾಗುತ್ತದೆ. ‘ಕೈಬಿಟ್ಟರು’ ಎಂದು ಅದನ್ನು ಅರ್ಥೈಸಬೇಡಿ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅದರಲ್ಲಿ ಎಂದಿನ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಈ ಆರೈಕೆ ಪಡೆದವರ ಬದುಕಿನ ಗುಣಮಟ್ಟ ಉತ್ತಮವಾಗಿತ್ತು, ಬದುಕಿದ ಮಧ್ಯಾಂಕ ಅವಧಿಯೂ 8.9 ತಿಂಗಳ ಬದಲು 11.6 ತಿಂಗಳಾಗಿತ್ತು.

ಸಂಶೋಧನೆಗೆ ಸೇರುವಂತೆ ಕೇಳಿದಾಗ

ಚಿಕಿತ್ಸೆ ನೀಡುವ ವೈದ್ಯರೇ ಕ್ಲಿನಿಕಲ್ ಟ್ರಯಲ್‌ಗೆ, ಅಂದರೆ ಚಿಕಿತ್ಸೆಯೊಂದನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಪ್ರಯೋಗಕ್ಕೆ, ಸೇರುತ್ತೀರಾ ಎಂದು ಕೇಳಿದಾಗ, ಅದೂ ತನಗಾಗಿಯೇ ಆರಿಸಿದ ಚಿಕಿತ್ಸೆ ಎಂದು ರೋಗಿ ತಿಳಿಯುವುದು ಸಹಜ. ಈ ತಪ್ಪು ಗ್ರಹಿಕೆಗೆ 1982ರಲ್ಲೇ ಸಂಶೋಧಕರು ಹೆಸರಿಟ್ಟು ವಿವರಿಸಿದ್ದಾರೆ. ಚಿಕಿತ್ಸೆಯ ಗುರಿ ಎದುರಿಗಿರುವ ಒಬ್ಬ ರೋಗಿ. ಪ್ರಯೋಗದ ಗುರಿ ಒಂದು ಪ್ರಶ್ನೆಗೆ ಉತ್ತರ. ಮೊದಲ ಹಂತದ ಪ್ರಯೋಗದಲ್ಲಿ ಮುಖ್ಯವಾಗಿ ನೋಡುವುದು ದೇಹ ಎಷ್ಟು ಪ್ರಮಾಣದ ಔಷಧವನ್ನು ತಡೆದುಕೊಳ್ಳುತ್ತದೆ ಎಂಬುದನ್ನು. ಎರಡನೆಯ ಹಂತದಲ್ಲಿ ರೋಗದ ಮೇಲೆ ಪರಿಣಾಮವಿದೆಯೇ ಎಂದು. ಮೂರನೆಯ ಹಂತದಲ್ಲಿ ಈಗಿನ ಉತ್ತಮ ಚಿಕಿತ್ಸೆಗಿಂತ ಇದು ಮೇಲೇ ಎಂದು. ಹಾಗಾಗಿ ಮೊದಲ ಪ್ರಶ್ನೆ ‘ಇದು ಎಷ್ಟನೆಯ ಹಂತದ್ದು?’ ಎಂದಾಗಿರಲಿ. ಮೂರನೆಯ ಹಂತದಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಸಾಮಾನ್ಯವಾಗಿ ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸುತ್ತದೆ, ವೈದ್ಯರಿಗೂ ಆಯ್ಕೆ ಇರುವುದಿಲ್ಲ. ಬರೀ ಸಕ್ಕರೆ ಗುಳಿಗೆ ಕೊಟ್ಟು ಕೂರಿಸುತ್ತಾರೆಂಬ ಭಯ ಹಲವರಿಗಿದೆ. ಪರಿಣಾಮಕಾರಿ ಚಿಕಿತ್ಸೆ ಇರುವ ಕ್ಯಾನ್ಸರ್‌ಗಳಲ್ಲಿ ಅದು ಅಪರೂಪ, ಹೊಸ ಔಷಧವನ್ನು ಎಂದಿನ ಚಿಕಿತ್ಸೆಯ ಎದುರಿಗೋ ಅದರ ಜೊತೆಗೋ ಇಟ್ಟು ನೋಡುವುದೇ ರೂಢಿ.

ಒಪ್ಪಿಗೆ ಪತ್ರವನ್ನು ಕೊಟ್ಟ ಗಳಿಗೆಯಲ್ಲೇ ಸಹಿ ಮಾಡಬೇಕಾಗಿಲ್ಲ. ಮನೆಗೆ ಒಯ್ದು, ಪೆನ್ಸಿಲ್ ಹಿಡಿದು ಓದಿ, ತಿಳಿಯದ ಸಾಲಿನ ಕೆಳಗೆ ಗೆರೆ ಎಳೆಯಿರಿ. ಎಂದಿನ ಚಿಕಿತ್ಸೆಗಿಂತ ಹೆಚ್ಚಾಗಿ ಎಷ್ಟು ಭೇಟಿ, ಎಷ್ಟು ಬಯಾಪ್ಸಿ, ಎಷ್ಟು ರಕ್ತ? ಆ ಖರ್ಚು ಯಾರದ್ದು? ಔಷಧದಿಂದ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಯಾರು ಕೊಡುತ್ತಾರೆ? ಔಷಧ ನನಗೆ ಒಗ್ಗಿದರೆ ಪ್ರಯೋಗ ಮುಗಿದ ಮೇಲೂ ಸಿಗುತ್ತದೆಯೇ? ಪ್ರಯೋಗ ನ್ಯಾಯವಾಗಿದೆಯೇ ಎಂದು ಪರಿಶೀಲಿಸುವ ನೈತಿಕ ಸಮಿತಿಯ ಅನುಮೋದನೆ ಇದೆಯೇ, ದೂರು ಹೇಳಬೇಕಾದರೆ ಸಂಶೋಧಕರಲ್ಲದೆ ಬೇರೆ ಯಾರಿಗೆ ಹೇಳಬಹುದು? ಯಾವಾಗ ಬೇಕಾದರೂ ಹೊರಬರುವ ಹಕ್ಕು ಇದ್ದೇ ಇರುತ್ತದೆ, ಅದರಿಂದ ಎಂದಿನ ಚಿಕಿತ್ಸೆಗೆ ತೊಂದರೆ ಆಗಕೂಡದು. ಆದರೆ ಔಷಧವನ್ನು ಥಟ್ಟನೆ ನಿಲ್ಲಿಸದೆ ತಿಳಿಸಿ ನಿಲ್ಲಿಸುವುದು ನಿಮ್ಮ ಸುರಕ್ಷತೆಗೇ ಬೇಕು.

ತೆಗೆದ ಅಂಗಾಂಶ, ರಕ್ತ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಬಿಡಬೇಡಿ. 1951ರಲ್ಲಿ ಗರ್ಭಕೊರಳಿನ ಕ್ಯಾನ್ಸರ್‌ನಿಂದ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗಡ್ಡೆಯಿಂದ, ಅವರ ಒಪ್ಪಿಗೆ ಕೇಳದೆ ತೆಗೆದ ಕೋಶಗಳು ‘ಹೀಲಾ’ ಎಂಬ ಹೆಸರಿನಲ್ಲಿ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಕುಟುಂಬಕ್ಕೆ ವಿಷಯ ತಿಳಿದದ್ದು 1970ರ ದಶಕದಲ್ಲಿ. ಈಗಿನ ಒಪ್ಪಿಗೆ ಪತ್ರಗಳಲ್ಲಿ ಉಳಿದ ಮಾದರಿಯನ್ನು ಮುಂದಿನ ಸಂಶೋಧನೆಗೆ ಬಳಸಬಹುದೇ ಎಂಬುದಕ್ಕೆ ಎಷ್ಟೋ ಸಲ ಪ್ರತ್ಯೇಕ ಚೌಕ ಇರುತ್ತದೆ. ಪ್ರಯೋಗಕ್ಕೆ ಒಪ್ಪಿ, ಆ ಚೌಕವನ್ನು ಖಾಲಿ ಬಿಡುವ ಸ್ವಾತಂತ್ರ್ಯ ಅಲ್ಲಿ ನಿಮಗಿದೆ.

ರೋಗಿಗಳ ಮಾತು ಸಂಶೋಧನೆಯ ದಿಕ್ಕನ್ನೇ ತಿರುಗಿಸಿದ ಉದಾಹರಣೆಗಳೂ ಇವೆ. 1970ರ ದಶಕದವರೆಗೆ ಸ್ತನದ ಗಂಟಿಗೆ ಬಯಾಪ್ಸಿ ಎಂದು ಅರಿವಳಿಕೆ ಪಡೆದ ಮಹಿಳೆ, ಎಚ್ಚರವಾದಾಗ ಸ್ತನ ಇರುತ್ತದೆಯೋ ಇಲ್ಲವೋ ತಿಳಿಯದೆಯೇ ಕಣ್ಣು ಮುಚ್ಚಬೇಕಿತ್ತು, ಏಕೆಂದರೆ ಪರೀಕ್ಷೆ ಮತ್ತು ಶಸ್ತ್ರಚಿಕಿತ್ಸೆ ಒಂದೇ ಸಲಕ್ಕೆ ನಡೆಯುತ್ತಿತ್ತು. ಸ್ವತಃ ಸ್ತನ ಕ್ಯಾನ್ಸರ್‌ಗೆ ಒಳಗಾಗಿದ್ದ ಪತ್ರಕರ್ತೆ ರೋಸ್ ಕುಶ್ನರ್ ಇದನ್ನು ಪ್ರಶ್ನಿಸುತ್ತ ಹೋದರು. 1979ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಇವೆರಡನ್ನೂ ಬೇರ್ಪಡಿಸಬೇಕೆಂದು ಶಿಫಾರಸು ಮಾಡಿದಾಗ ಆ ಸಮಿತಿಯಲ್ಲಿ ಅವರೂ ಇದ್ದರು. ಇಂದು ಹಲವು ಸಂಶೋಧನಾ ತಂಡಗಳು ರೋಗಿಗಳನ್ನು ಸಲಹೆಗಾರರನ್ನಾಗಿ ಕರೆಯುತ್ತವೆ. ಅಂತಹ ಕರೆ ಬಂದರೆ ವಿಜ್ಞಾನ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಬರುವುದು ಕೆಲಸಕ್ಕೆ ಹೋಗುವವರಿಗೆ ಸಾಧ್ಯವೇ, ಕೈಬೆರಳು ಜೋಮು ಹಿಡಿದವರು ಆ ಚಿಕ್ಕ ಮಾತ್ರೆಯನ್ನು ಪ್ಯಾಕಿನಿಂದ ಬಿಡಿಸಬಲ್ಲರೇ, ಪ್ರಶ್ನಾವಳಿಯ ನಲವತ್ತನೆಯ ಪ್ರಶ್ನೆ ಮುಟ್ಟುವಷ್ಟು ಶಕ್ತಿ ಉಳಿದಿರುತ್ತದೆಯೇ ಎಂಬುದನ್ನು ಆ ಮೇಜಿನ ಸುತ್ತ ಬಲ್ಲವರು ನೀವೊಬ್ಬರೇ ಆಗಿರಬಹುದು. ವೈಯಕ್ತಿಕ ಕಥೆಯನ್ನು ಎರಡು ನಿಮಿಷಕ್ಕೆ ಮುಗಿಸಿ, ಯೋಜನೆಯ ಯಾವ ಸಾಲು ಬದಲಾಗಬೇಕು ಎಂಬುದನ್ನು ಬೆರಳಿಟ್ಟು ತೋರಿಸಿದರೆ ಮಾತು ನಡಾವಳಿಯಲ್ಲಿ ದಾಖಲಾಗುತ್ತದೆ.

ವೈದ್ಯಕೀಯ ಸಂಶೋಧನೆಯ ನೀತಿಸಂಹಿತೆಯಾದ, 1964ರ ಹೆಲ್ಸಿಂಕಿ ಘೋಷಣೆಯ 2024ರ ಪರಿಷ್ಕರಣೆಯಲ್ಲಿ, ಪ್ರಯೋಗಕ್ಕೆ ಒಳಗಾಗುವವರನ್ನು ಕುರಿತ ‘ಸಬ್ಜೆಕ್ಟ್’ ಎಂಬ ಹಳೆಯ ಪದವನ್ನು ಕೈಬಿಟ್ಟು ‘ಭಾಗಿಗಳು’ ಎಂದು ಕರೆಯಲಾಗಿದೆ. ಭಾಗಿಯಾದವರಿಗೆ ಫಲಿತಾಂಶವೂ ತಿಳಿಯಬೇಕಷ್ಟೆ. ಯುರೋಪಿನ ಒಕ್ಕೂಟದ ನಿಯಮದಲ್ಲಿ ಪ್ರಯೋಗ ಮುಗಿದ ಒಂದು ವರ್ಷದೊಳಗೆ ಸಾಮಾನ್ಯರಿಗೆ ಅರ್ಥವಾಗುವ ಸಾರಾಂಶ ಕೊಡಬೇಕೆಂದಿದೆ. ಅಂತಹ ನಿಯಮ ಇಲ್ಲದ ಕಡೆಯೂ ‘ಫಲಿತಾಂಶ ಬಂದಾಗ ನನಗೆ, ನಾನಿಲ್ಲದಿದ್ದರೆ ಮನೆಯ ಇಂಥವರಿಗೆ ತಿಳಿಸಿ’ ಎಂದು ಸಹಿ ಮಾಡುವ ದಿನವೇ ಬರೆದು ಕೊಡಬಹುದು. ಆ ಕಾಗದದ ಒಂದು ಪ್ರತಿಯನ್ನೂ ಒಪ್ಪಿಗೆ ಪತ್ರದ ಪ್ರತಿಯನ್ನೂ ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಪಿನ್ ಮಾಡಿ ಇಟ್ಟುಕೊಳ್ಳಿ.